ಮೆನುವಿನ ಮಸುಕು ಅಕ್ಷರಗಳು

ಗಣಕಯಂತ್ರದ ಮುಂದೆ ಕುಳಿತು ಕಾಗದಪತ್ರ ಬರೆಯುವವರು, ಲೆಕ್ಕ ಬರೆಯುವವರು, ಮದುವೆಯ ಆಹ್ವಾನಪತ್ರಿಕೆಯನ್ನು ಜೋಡಿಸುವವರು, ಇವರೆಲ್ಲರೂ ದಿನಕ್ಕೆ ಎಷ್ಟೋ ಬಾರಿ ಪರದೆಯ ಮೇಲಂಚಿನಲ್ಲಿರುವ ಒಂದು ಪದವನ್ನು ಒತ್ತಿ, ಅದರ ಕೆಳಗೆ ಇಳಿದುಬರುವ ಪಟ್ಟಿಯಿಂದ ತಮಗೆ ಬೇಕಾದ ಕಾರ್ಯವನ್ನು ಆರಿಸಿಕೊಳ್ಳುವರು. ಮೆನು ಎಂದು ಎಲ್ಲರೂ ಕರೆಯುವ ಆ ಪಟ್ಟಿಯಲ್ಲಿ ಕೆಲವು ಪದಗಳು ಕಪ್ಪಾಗಿ ಸ್ಫುಟವಾಗಿಯೂ, ಕೆಲವು ಬೂದುಬಣ್ಣಕ್ಕೆ ತಿರುಗಿ ಮಸುಕಾಗಿಯೂ ಇರುವುದನ್ನು ಕಾಣದವರಿಲ್ಲ. ಆದರೆ ಈ ಗಳಿಗೆಯಲ್ಲಿ ಮಸುಕಾಗಿದ್ದ ಪದ ಮರುಗಳಿಗೆಯಲ್ಲಿ ಜೀವ ತಳೆಯುವುದು ಯಾವ ನಿಯಮದಿಂದ, ಹಾಗೆ ಮಾಡುವವರು ಯಾರು, ಅದರಿಂದ ನಮಗೆ ಆಗುವ ಉಪಕಾರವೇನು ಎಂಬುದನ್ನು ವಿಚಾರಿಸಿ ನೋಡಿದವರು ವಿರಳ.

ಈ ಮಸುಕಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಯಂತ್ರವೊಂದು ತನ್ನ ಶಕ್ತಿಯ ಮಿತಿಯನ್ನು, ನಾವು ಕೇಳುವುದಕ್ಕೆ ಮುಂಚೆಯೇ, ತಾನಾಗಿ ಒಪ್ಪಿ ಹೇಳುವ ಸಂದರ್ಭಗಳು ಹೆಚ್ಚಿಲ್ಲ. ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ಬಹಳ ಹೊತ್ತು ನಿಂತು, ಅರ್ಜಿಯನ್ನು ಒಳಗೆ ನೀಡಿದ ಮೇಲೆ ‘ಈ ದಿನ ಇದನ್ನು ತೆಗೆದುಕೊಳ್ಳುವುದಿಲ್ಲ’ ಎನ್ನಿಸಿಕೊಂಡು ಹಿಂದಿರುಗುವುದಕ್ಕೂ, ಬಾಗಿಲಲ್ಲಿ ತೂಗುಹಾಕಿದ ಹಲಗೆಯನ್ನು ಓದಿಕೊಂಡು ಆಗಲೇ ಬೇರೆ ಕೆಲಸಕ್ಕೆ ಹೊರಡುವುದಕ್ಕೂ ಎಷ್ಟು ಅಂತರವಿದೆಯೋ, ತಪ್ಪಾದ ಮೇಲೆ ಗದರಿಸುವ ತಂತ್ರಾಂಶಕ್ಕೂ ಮೊದಲೇ ಪದವನ್ನು ಮಸುಕಾಗಿಸಿ ತೋರಿಸುವ ತಂತ್ರಾಂಶಕ್ಕೂ ಅಷ್ಟೇ ಅಂತರವಿದೆ. ಆದರೆ ಹಲಗೆಯ ಮೇಲಿನ ಮಾತು ನಿಜವಾಗಿರಬೇಕು, ಆ ದಿನದ್ದಾಗಿರಬೇಕು, ಮತ್ತು ಏಕೆ ಎಂಬುದನ್ನೂ ತಿಳಿಸಬೇಕು. ಮೊದಲಿನೆರಡು ವಿಷಯಗಳಲ್ಲಿ ತಂತ್ರಾಂಶದ ನಿರ್ಮಾಪಕರು ಬಹುಮಟ್ಟಿಗೆ ಸಫಲರಾಗಿದ್ದಾರೆ. ಕೊನೆಯದರಲ್ಲಿ ಅವರು ನಮಗೆ ಇನ್ನೂ ಋಣಿಗಳಾಗಿಯೇ ಇದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓದುಗರು ತಮ್ಮ ಗಣಕದಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಲಿಬ್ರೆಆಫೀಸಿನ ರೈಟರ್ ಆಗಲಿ ಅಂತಹುದೇ ಬೇರೆ ಬರವಣಿಗೆಯ ತಂತ್ರಾಂಶವಾಗಲಿ, ಹೊಸದೊಂದು ಖಾಲಿ ಹಾಳೆಯನ್ನು ತೆರೆದು, ಏನನ್ನೂ ಬರೆಯದೆ, ಸಂಪಾದನೆಯ ಮೆನುವನ್ನು ಇಳಿಸಿರಿ. ‘ರದ್ದುಗೊಳಿಸು’ ಎಂಬುದು ಮಸುಕಾಗಿದೆ, ರದ್ದುಗೊಳಿಸತಕ್ಕ ಕಾರ್ಯವೇ ಇನ್ನೂ ನಡೆದಿಲ್ಲವಾದ್ದರಿಂದ. ‘ಕತ್ತರಿಸು’, ‘ನಕಲಿಸು’ ಎಂಬೆರಡೂ ಮಸುಕಾಗಿವೆ, ಆಯ್ದುಕೊಂಡ ಪಠ್ಯವಿಲ್ಲವಾದ್ದರಿಂದ. ‘ಅಂಟಿಸು’ ಎಂಬುದು ಮಾತ್ರ ಒಬ್ಬರ ಗಣಕದಲ್ಲಿ ಸ್ಫುಟವಾಗಿಯೂ ಇನ್ನೊಬ್ಬರದರಲ್ಲಿ ಮಸುಕಾಗಿಯೂ ಕಂಡೀತು. ಏಕೆಂದರೆ ಅದು ಅವಲಂಬಿಸಿರುವುದು ಈ ಹಾಳೆಯನ್ನಲ್ಲ, ಹಿಂದೆ ಬೇರೆಲ್ಲಿಂದಲೋ ನಕಲು ಮಾಡಿದ ವಸ್ತು ಗಣಕದ ಸ್ಮೃತಿಯಲ್ಲಿ ಉಳಿದಿದೆಯೇ ಇಲ್ಲವೇ ಎಂಬುದನ್ನು. ಈಗ ಒಂದು ಪದವನ್ನು ಬರೆಯಿರಿ: ‘ರದ್ದುಗೊಳಿಸು’ ಎಚ್ಚತ್ತಿತು. ಅದನ್ನು ಒತ್ತಿರಿ: ಪದ ಅಳಿಸಿಹೋಗಿ, ‘ಮತ್ತೆ ಮಾಡು’ ಎಂಬ ಇನ್ನೊಂದು ಆದೇಶ ಎಚ್ಚತ್ತಿತು. ಆದರೆ ಆ ಆದೇಶವನ್ನು ಬಳಸದೆ, ಬೇರೊಂದು ಅಕ್ಷರವನ್ನು ಹೊಸದಾಗಿ ಬರೆದುಬಿಟ್ಟರೆ, ‘ಮತ್ತೆ ಮಾಡು’ ತತ್‌ಕ್ಷಣವೇ ಮಸುಕಾಗುವುದು. ಹಿಂದಕ್ಕೆ ಹೋದ ಮೇಲೆ ಬೇರೆ ದಾರಿಯನ್ನು ಹಿಡಿದವರಿಗೆ ಮೊದಲಿನ ದಾರಿ ಮುಂದುವರಿಯಲು ಉಳಿದಿರುವುದಿಲ್ಲ. ತಂತ್ರಾಂಶವು ಆ ಹಳೆಯ ಹೆಜ್ಜೆಗಳ ಲೆಕ್ಕವನ್ನು ಅಳಿಸಿಹಾಕಿದೆ, ಹಾಗೆ ಅಳಿಸಿದುದನ್ನು ಪದವೊಂದರ ಬಣ್ಣವನ್ನು ತೆಗೆಯುವುದರ ಮೂಲಕ ನಮಗೆ ಬಿನ್ನವಿಸಿದೆ. ಈ ನಾಲ್ಕು ಹೆಜ್ಜೆಗಳನ್ನು ನಿಧಾನವಾಗಿ ಕಂಡವರಿಗೆ ಮೆನು ಎಂಬುದು ಆದೇಶಗಳ ಪಟ್ಟಿ ಮಾತ್ರವಲ್ಲ, ತಂತ್ರಾಂಶದ ಆ ಕ್ಷಣದ ಮನಃಸ್ಥಿತಿಯ ಪ್ರಕಟಣೆಯೂ ಹೌದು ಎಂಬುದು ಮನದಟ್ಟಾಗುವುದು.

ಇದಕ್ಕೆ ಮೊದಲು ಇದ್ದ ಕಾಲವನ್ನು ನೆನೆದರೆ ಇದರ ಹಿರಿಮೆ ತಿಳಿಯುವುದು. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗುರುತು, ಅದರ ಮುಂದೆ ನಾವೇ ಬಾಯಿಪಾಠ ಮಾಡಿಕೊಂಡು ಬರೆಯಬೇಕಾದ ಆದೇಶ. ಆ ಆದೇಶ ಸಲ್ಲುವುದೋ ಸಲ್ಲದೋ ಎಂಬುದು ಬರೆದು ಕಳುಹಿಸಿದ ಮೇಲೆ ತಿಳಿಯುವ ಸಂಗತಿ. ಮೇಲಾಗಿ ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಅಕ್ಷರವನ್ನು ಮೂಡಿಸುವುದು, ಇನ್ನೊಂದು ಸ್ಥಿತಿಯಲ್ಲಿ ಸಾಲನ್ನೇ ಅಳಿಸುವುದು. ತಾನು ಯಾವ ಸ್ಥಿತಿಯಲ್ಲಿದ್ದೇನೆಂಬುದು ಬಳಸುವವನಿಗೆ ಕಾಣದಿರುವುದೇ ಅನೇಕ ಪ್ರಮಾದಗಳಿಗೆ ಮೂಲವೆಂದು ಜೀವಮಾನವಿಡೀ ಸಾರಿದ ಲ್ಯಾರಿ ಟೆಸ್ಲರ್ ಎಂಬ ವಿಜ್ಞಾನಿ (1945–2020), ತನ್ನ ಮೋಟಾರಿನ ನೋಂದಣಿ ಫಲಕದ ಮೇಲೂ ‘ನೋ ಮೋಡ್ಸ್’, ಎಂದರೆ ಇಂತಹ ಸ್ಥಿತಿಭೇದಗಳು ಬೇಡ, ಎಂದೇ ಬರೆಸಿಕೊಂಡಿದ್ದನು. ಕ್ಯಾಲಿಫೋರ್ನಿಯಾದ ಪ್ಯಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಆತನೂ ಸಹೋದ್ಯೋಗಿಗಳೂ ಕತ್ತರಿಸುವ, ನಕಲಿಸುವ, ಅಂಟಿಸುವ ಕಾರ್ಯಗಳಿಗೆ ಇಂದಿನ ರೂಪವನ್ನು ಕೊಟ್ಟರು. ಅನಂತರ ಆತ ಸೇರಿದ ಆ್ಯಪಲ್ ಸಂಸ್ಥೆಯಲ್ಲಿ ಬಿಲ್ ಆಟ್ಕಿನ್ಸನ್ (1951–2025) ಎಂಬ ಪ್ರತಿಭಾಶಾಲಿ ಮೇಲಿನಿಂದ ಇಳಿದುಬರುವ ಮೆನುವನ್ನು ರೂಪಿಸಿದನು. 1983ರಲ್ಲಿ ಹೊರಬಂದ ಲಿಸಾ, 1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್, ಇವೆರಡರಲ್ಲಿಯೂ, ಆ ಕ್ಷಣದಲ್ಲಿ ಸಲ್ಲದ ಆದೇಶಗಳನ್ನು ಮಸುಕಾಗಿಸುವ ಪದ್ಧತಿ ನೆಲೆಗೊಂಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳದಿರಲಾರೆ. ಮೊದಲನೆಯ ಮ್ಯಾಕಿಂಟಾಷಿನ ಪರದೆಯಲ್ಲಿ ಬೂದುಬಣ್ಣವೆಂಬುದೇ ಇರಲಿಲ್ಲ. 512 ಅಡ್ಡ, 342 ಉದ್ದ, ಇಷ್ಟು ಬಿಂದುಗಳು, ಪ್ರತಿಯೊಂದು ಬಿಂದುವೂ ಕಪ್ಪು ಇಲ್ಲವೇ ಬಿಳುಪು. ಹೀಗಿರುವಾಗ ಮಸುಕನ್ನು ಸೃಷ್ಟಿಸುವುದು ಹೇಗೆ? ಅಕ್ಷರವನ್ನು ಮೊದಲು ಪೂರ್ಣವಾಗಿ ಬರೆದು, ಅದರಿಂದ ಒಂದು ಬಿಟ್ಟು ಒಂದರಂತೆ ಬಿಂದುಗಳನ್ನು ತೆಗೆದುಹಾಕುತ್ತಿದ್ದರು. ಉಳಿದ ಅರ್ಧದಷ್ಟು ಬಿಂದುಗಳನ್ನು ಕಣ್ಣು ಬೂದು ಎಂದು ಗ್ರಹಿಸುತ್ತಿತ್ತು. ಬಡತನದ ಸಾಧನದಲ್ಲಿ ಇಷ್ಟು ಸಂಸ್ಕಾರವನ್ನು ತೋರಿದ ಆ ಕೆಲಸಗಾರರನ್ನು ನೆನೆದರೆ ಗೌರವ ಮೂಡುತ್ತದೆ.

ಇನ್ನು, ಯಾವ ಆದೇಶ ಯಾವಾಗ ಮಸುಕಾಗಬೇಕೆಂಬುದನ್ನು ನಿರ್ಣಯಿಸುವ ಬಗೆಯನ್ನು ನೋಡೋಣ. ಕ್ರಮಲೇಖನವನ್ನು, ಎಂದರೆ ಪ್ರೋಗ್ರಾಮ್ ಬರೆಯುವುದನ್ನು, ಹೊಸದಾಗಿ ಕಲಿತವರು ಸಹಜವಾಗಿ ಹಿಡಿಯುವ ದಾರಿಯೊಂದಿದೆ. ಕಡತ ತೆರೆದಾಗ ‘ಮುದ್ರಿಸು’ ಎಂಬುದನ್ನು ಎಬ್ಬಿಸು, ಕಡತ ಮುಚ್ಚಿದಾಗ ಮಲಗಿಸು. ಪಠ್ಯವನ್ನು ಆಯ್ದಾಗ ‘ನಕಲಿಸು’ ಎಂಬುದನ್ನು ಎಬ್ಬಿಸು, ಆಯ್ಕೆ ತಪ್ಪಿದಾಗ ಮಲಗಿಸು. ಹೀಗೆ ಘಟನೆಯೊಂದು ನಡೆದ ಸ್ಥಳದಲ್ಲೆಲ್ಲ ಒಂದೊಂದು ಸಾಲನ್ನು ಬರೆಯುತ್ತ ಹೋಗುವುದು ಈ ಮಾರ್ಗ. ತಂತ್ರಾಂಶ ಚಿಕ್ಕದಾಗಿರುವವರೆಗೆ ಇದು ಸಲೀಸಾಗಿ ನಡೆಯುವುದು. ಆದರೆ ಆದೇಶಗಳು ಐವತ್ತಾಗಿ, ಘಟನೆಗಳು ನೂರಾದಾಗ, ಎಲ್ಲಿಯೋ ಒಂದು ಕಡೆ ಮಲಗಿಸಿದುದನ್ನು ಎಬ್ಬಿಸಲು ಮರೆಯುವುದು ಅನಿವಾರ್ಯ. ಆಗ ಕಡತ ತೆರೆದಿದ್ದರೂ ಮುದ್ರಿಸಲಾಗದೆ, ಬಳಸುವವನು ತಂತ್ರಾಂಶವನ್ನೇ ಮುಚ್ಚಿ ತೆರೆಯುವ ಪ್ರಸಂಗ ಬರುವುದು.

ಆದ್ದರಿಂದ ಅನುಭವಸ್ಥರು ಪ್ರಶ್ನೆಯನ್ನು ತಿರುವಿಹಾಕಿದರು. ಘಟನೆ ನಡೆದಾಗಲೆಲ್ಲ ಮೆನುವಿಗೆ ಸುದ್ದಿ ಮುಟ್ಟಿಸುವ ಬದಲು, ಮೆನು ಕಣ್ಣಿಗೆ ಬೀಳುವ ಕ್ಷಣದಲ್ಲಿ ಅದೇ ಬಂದು ಸ್ಥಿತಿಯನ್ನು ವಿಚಾರಿಸಿಕೊಂಡು ಹೋಗಲಿ ಎಂದರು. ವಿಂಡೋಸ್ ವ್ಯವಸ್ಥೆಯು ಮೆನು ಇಳಿಯುವುದಕ್ಕೆ ಕ್ಷಣಮಾತ್ರ ಮುಂಚೆ ತಂತ್ರಾಂಶಕ್ಕೆ ಒಂದು ಸಂದೇಶವನ್ನು ಕಳುಹಿಸುತ್ತದೆ. ಆ ಸಂದೇಶ ಬಂದೊಡನೆ ತಂತ್ರಾಂಶವು ಒಂದೊಂದೇ ಆದೇಶವನ್ನು ಪರಿಶೀಲಿಸಿ, ಎನೇಬಲ್‌ಮೆನುಐಟಮ್ ಎಂಬ ಕರೆಯ ಮೂಲಕ ಇದು ಸ್ಫುಟ, ಇದು ಮಸುಕು ಎಂದು ತಿಳಿಸುವುದು. ಮ್ಯಾಕ್ ವ್ಯವಸ್ಥೆಯಲ್ಲಿ ಇದೇ ಕಾರ್ಯ ಪ್ರಶ್ನೋತ್ತರ ರೂಪದಲ್ಲಿ ನಡೆಯುವುದು: ‘ಈ ಆದೇಶವನ್ನು ಈಗ ಪಾಲಿಸಬಲ್ಲೆಯಾ?’ ಎಂದು ವ್ಯವಸ್ಥೆ ಕೇಳುವುದು, ಹೌದು ಅಥವಾ ಅಲ್ಲ ಎಂದು ತಂತ್ರಾಂಶ ಉತ್ತರಿಸುವುದು. ನಿಯಮಗಳೆಲ್ಲ ಹೀಗೆ ಒಂದೇ ಸ್ಥಳದಲ್ಲಿ ಕೂಡಿಬಂದದ್ದರಿಂದ ಮರೆವಿಗೆ ಅವಕಾಶ ಕಡಮೆಯಾಯಿತು. ‘ಅಂಟಿಸು’ ಎಂಬ ಆದೇಶಕ್ಕಂತೂ ಈ ಮಾರ್ಗ ಬಹಳ ಹಿತಕರ. ನಕಲು ಮಾಡಿಟ್ಟ ವಸ್ತುವನ್ನು ಬೇರೊಂದು ತಂತ್ರಾಂಶ ಯಾವ ಗಳಿಗೆಯಲ್ಲಿ ಬೇಕಾದರೂ ಬದಲಾಯಿಸಬಹುದು, ಆದುದರಿಂದ ಹಳೆಯ ನೆನಪನ್ನು ನಂಬುವುದಕ್ಕಿಂತ ಕೇಳಿ ತಿಳಿಯುವುದೇ ಕ್ಷೇಮ.

ಆದರೂ ಒಂದು ತೊಡಕು ಉಳಿಯಿತು. ಒಂದೇ ಆದೇಶಕ್ಕೆ ಈಗ ಅನೇಕ ಮುಖಗಳು: ಮೆನುವಿನಲ್ಲಿ ಪದವಾಗಿ, ಮೇಲಿನ ಪಟ್ಟಿಯಲ್ಲಿ ಚಿತ್ರವಾಗಿ, ಮೌಸಿನ ಬಲಗುಂಡಿಯನ್ನು ಒತ್ತಿದಾಗ ಮೂಡುವ ಕಿರುಪಟ್ಟಿಯಲ್ಲಿ ಇನ್ನೊಮ್ಮೆ, ಕೀಲಿಮಣೆಯ ಕಂಟ್ರೋಲ್-ಸಿ ಎಂಬಂತಹ ಜೋಡಿಕೀಲಿಯಾಗಿ ಮತ್ತೊಮ್ಮೆ. ಮೆನುವಿನಲ್ಲಿ ಮಸುಕಾಗಿರುವುದು ಮೇಲಿನ ಚಿತ್ರದಲ್ಲಿ ಸ್ಫುಟವಾಗಿದ್ದರೆ ಬಳಸುವವನು ಯಾವುದನ್ನು ನಂಬಬೇಕು? ಜೋಡಿಕೀಲಿಯನ್ನು ಒತ್ತುವವನಂತೂ ಮೆನುವನ್ನು ಇಳಿಸುವುದೇ ಇಲ್ಲ. ಕ್ರಮಲೇಖಕರು ಮೆನು, ಗುಂಡಿಗಳನ್ನು ರಚಿಸಲು ಬಳಸುವ ಜಾವಾದ ಸ್ವಿಂಗ್, ಕ್ಯೂಟಿ ಮೊದಲಾದ ಸಾಧನಸಮೂಹಗಳನ್ನು ಕಟ್ಟಿದವರು ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾದದ್ದು. ಆದೇಶವನ್ನೇ ಒಂದು ಸ್ವತಂತ್ರ ವಸ್ತುವಾಗಿ, ಆ್ಯಕ್ಷನ್ ಎಂಬ ಹೆಸರಿನಿಂದ, ಒಂದು ಕಡೆ ಸ್ಥಾಪಿಸಿ, ಪದ, ಚಿತ್ರ, ಕೀಲಿ ಎಂಬಿವೆಲ್ಲ ಆ ಒಂದರ ಛಾಯೆಗಳಾಗುವಂತೆ ಅವರು ಏರ್ಪಡಿಸಿದರು. ಮೂಲವನ್ನು ಒಮ್ಮೆ ಮಲಗಿಸಿದರೆ ಛಾಯೆಗಳೆಲ್ಲ ಏಕಕಾಲದಲ್ಲಿ ಮಲಗುವುವು.

ಇಷ್ಟು ಕ್ರಮವಾಗಿ ಬೆಳೆದ ವಿದ್ಯೆ ಸಾಮಾನ್ಯ ಜನರ ಕೈಯಲ್ಲಿ ಹೇಗೆ ಸಾಗುತ್ತಿದೆಯೆಂಬುದನ್ನು ನೋಡಬೇಕಾದರೆ ಮೈಸೂರಿನ ಶ್ರೀರಾಂಪುರದಂತಹ ಬಡಾವಣೆಗೆ ಬರಬೇಕು. ಮಾನಂದವಾಡಿ ರಸ್ತೆಯ ಮಗ್ಗುಲಲ್ಲಿ, ನಗರವು ತೆಂಕಣಕ್ಕೆ ಚಾಚಿಕೊಂಡ ಅಂಚಿನಲ್ಲಿ, ಹಳ್ಳಿಯ ಹೆಸರನ್ನು ಉಳಿಸಿಕೊಂಡೇ ಬಡಾವಣೆಯಾದ ಪ್ರದೇಶ ಇದು. ನಿವೃತ್ತರ ಮನೆಗಳು, ಬಾಡಿಗೆಯ ಮನೆಗಳು, ಇವುಗಳ ನಡುವೆ ಜೆರಾಕ್ಸ್, ಡಿ.ಟಿ.ಪಿ., ಆನ್‌ಲೈನ್ ಅರ್ಜಿ ಎಂದು ಫಲಕ ಹಾಕಿಕೊಂಡ ಪುಟ್ಟ ಅಂಗಡಿಗಳು. ಬಾಡಿಗೆ ಕರಾರು, ಶಾಲೆಯ ಪ್ರಾಜೆಕ್ಟು, ಸಂಘದ ಜಮಾಖರ್ಚು, ತಿಥಿಯ ಕಾಗದ, ಎಲ್ಲವೂ ಇಲ್ಲಿ ಅಚ್ಚಾಗಿ ಹೊರಬರುವುವು.

ಅಂತಹ ಒಂದು ಅಂಗಡಿಯಲ್ಲಿ ನಾನು ಕಂಡುದನ್ನು ಹೇಳುತ್ತೇನೆ. ಬಡಾವಣೆಯ ಸಂಘವೊಂದರ ಲೆಕ್ಕವನ್ನು ಒಪ್ಪಿಸಬೇಕಾಗಿದ್ದ ಹಿರಿಯರೊಬ್ಬರು, ಅಂಗಡಿಯ ಹುಡುಗಿ ಬೇರೆ ಗಿರಾಕಿಗೆ ನಕಲು ತೆಗೆದುಕೊಡುತ್ತಿದ್ದಾಗ, ಲೆಕ್ಕದ ಹಾಳೆಯಲ್ಲಿ ಒಂದು ಮೊತ್ತವನ್ನು ತಾವೇ ತಿದ್ದಲು ಕುಳಿತರು. ಅಂಕಿಯನ್ನು ಬರೆದರು, ಮುಂದಿನ ಕೆಲಸಕ್ಕೆಂದು ಮೇಲೆ ನೋಡಿದರೆ, ಆದೇಶಗಳಲ್ಲಿ ಹೆಚ್ಚಿನವು ಬೂದಿ ಎರಚಿದಂತೆ ಮಸುಕಾಗಿವೆ. ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು, ಏನೂ ಆಗದು.

“ಯಾಕಮ್ಮಾ, ಎಲ್ಲಾ ಮಂಕಾಗಿಬಿಟ್ಟಿದೆಯಲ್ಲ, ಕೆಟ್ಟುಹೋಯಿತೇನು?”

“ಇಲ್ಲ ಅಂಕಲ್, ಆ ಸೆಲ್ ಒಳಗೇ ಕರ್ಸರ್ ಮಿನುಗ್ತಾ ಇದೆ ನೋಡಿ. ಬರೆದು ಮುಗಿದಿಲ್ಲ ಅಂದ್ಕೊಂಡಿದೆ ಅದು. ಎಂಟರ್ ಒತ್ತಿ, ಎಲ್ಲಾ ವಾಪಸ್ ಬರುತ್ತೆ.”

ಒತ್ತಿದರು, ಎಲ್ಲವೂ ಬಂದಿತು. ಹುಡುಗಿ ಹೇಳಿದ ಮಾತು ಅಕ್ಷರಶಃ ಸರಿ. ಲೆಕ್ಕದ ಹಾಳೆಯಲ್ಲಿ ಒಂದು ಸೆಲ್ಲಿನೊಳಗೆ ಬರವಣಿಗೆ ನಡೆಯುತ್ತಿರುವಷ್ಟು ಹೊತ್ತು ಆ ಸೆಲ್ಲಿನ ಮೌಲ್ಯವೇನೆಂಬುದು ಅನಿಶ್ಚಿತ. ಅದನ್ನು ಅವಲಂಬಿಸಿದ ಕೂಡಿಕೆ ಕಳೆಯುವಿಕೆಗಳೆಲ್ಲ ಅನಿಶ್ಚಿತ. ಆದುದರಿಂದ ತಂತ್ರಾಂಶವು ಬೇರೆ ಆದೇಶಗಳನ್ನು ತಾತ್ಕಾಲಿಕವಾಗಿ ತಡೆಹಿಡಿದಿರುವುದು ನ್ಯಾಯವಾದ ನಡೆ. ಆದರೆ ಆ ನ್ಯಾಯವನ್ನು ಹಿರಿಯರಿಗೆ ತಿಳಿಸಿದುದು ತಂತ್ರಾಂಶವಲ್ಲ, ಅಂಗಡಿಯ ಹುಡುಗಿ. ಆಕೆ ಆ ಹೊತ್ತಿಗೆ ಅಂಗಡಿಯಲ್ಲಿ ಇಲ್ಲದಿದ್ದರೆ ಅವರು ಬರೆದುದನ್ನು ಬಿಟ್ಟು ಎದ್ದುಹೋಗುತ್ತಿದ್ದರು. ಯಂತ್ರ ‘ಆಗದು’ ಎಂದಿತು, ‘ಏಕೆ’ ಎನ್ನಲಿಲ್ಲ. ಆ ‘ಏಕೆ’ಯನ್ನು ಪೂರಯಿಸುವ ಹೊಣೆ ನಮ್ಮ ಊರೂರಿನಲ್ಲಿ ಇಂತಹ ಹುಡುಗ ಹುಡುಗಿಯರ ಮೇಲೆ ಬಿದ್ದಿದೆ.

ಕಾರಣ ಹೇಳದ ಮಸುಕು ಎಷ್ಟು ಕಾಲ ಜನರನ್ನು ಕಾಡಬಲ್ಲುದೆಂಬುದಕ್ಕೆ ವಿಂಡೋಸಿನ ನೋಟ್‌ಪ್ಯಾಡ್ ಸಾಕ್ಷಿ. ಅದರಲ್ಲಿ ಸಾಲುಗಳನ್ನು ಕಿಟಕಿಯ ಅಗಲಕ್ಕೆ ಮಡಿಸುವ ವರ್ಡ್ ವ್ರ್ಯಾಪ್ ಎಂಬ ಸೌಕರ್ಯವನ್ನು ತೆರೆದೊಡನೆ, ಬೇರೊಂದು ಮೆನುವಿನಲ್ಲಿದ್ದ, ಕಿಟಕಿಯ ಕೆಳಗಂಚಿನ ಸ್ಥಿತಿಪಟ್ಟಿಯನ್ನು ತೋರಿಸುವ ಆದೇಶವೂ, ಇಂಥ ಸಾಲಿಗೆ ಹೋಗು ಎಂಬ ಆದೇಶವೂ ಮಸುಕಾಗುತ್ತಿದ್ದುವು. ಒಂದು ಮೆನುವಿನಲ್ಲಿ ಮಾಡಿದ ಆಯ್ಕೆಗೆ ಇನ್ನೊಂದು ಮೆನುವಿನಲ್ಲಿ ಫಲ. ಎರಡಕ್ಕೂ ಸಂಬಂಧವಿದೆಯೆಂದು ಹೇಳುವ ಒಂದು ಅಕ್ಷರವೂ ಎಲ್ಲಿಯೂ ಇಲ್ಲ. ಬಹಳ ವರ್ಷ ಹೀಗೆಯೇ ನಡೆದು, 2018ರ ವಿಂಡೋಸ್ 10ರ ಪರಿಷ್ಕರಣದಲ್ಲಿ, ಸಾಲುಗಳನ್ನು ಮಡಿಸಿದಾಗಲೂ ಸ್ಥಿತಿಪಟ್ಟಿ ಕಾಣುವಂತೆ ಮಾಡಲಾಯಿತು.

ಈ ದೋಷವನ್ನು ಕಂಡು ರೋಸಿದವರೂ ಇದ್ದಾರೆ. ಜೋಯಲ್ ಸ್ಪೋಲ್ಸ್ಕಿ ಎಂಬ ಅಮೆರಿಕದ ತಂತ್ರಾಂಶತಜ್ಞನು 2008ರಲ್ಲಿ ಬರೆದ ಕಿರುಲೇಖನವೊಂದರಲ್ಲಿ, ಆದೇಶಗಳನ್ನು ಮರೆಮಾಡಲೂ ಬೇಡಿ, ಮಸುಕಾಗಿಸಲೂ ಬೇಡಿ, ಎಲ್ಲವನ್ನೂ ಸ್ಫುಟವಾಗಿಯೇ ಬಿಟ್ಟು, ಆಗದುದನ್ನು ಒತ್ತಿದಾಗ ಏಕೆ ಆಗದೆಂಬುದನ್ನು ವಿವರಿಸಿರಿ ಎಂದು ವಾದಿಸಿದನು. ಕಾರಣವನ್ನು ಹೇಳಬೇಕೆಂಬ ಆತನ ಆಗ್ರಹಕ್ಕೆ ನಾನು ತಲೆಬಾಗುತ್ತೇನೆ; ಆದರೆ ಮಸುಕನ್ನೇ ತ್ಯಜಿಸಬೇಕೆಂಬುದನ್ನು ಒಪ್ಪಲಾರೆ. ಎಲ್ಲವೂ ಸ್ಫುಟವಾಗಿರುವ ಪಟ್ಟಿಯಲ್ಲಿ ಯಾವುದು ಸಲ್ಲುವುದೆಂಬುದನ್ನು ಒಂದೊಂದಾಗಿ ಒತ್ತಿಯೇ ತಿಳಿಯಬೇಕಾಗುವುದು. ಮರೆಮಾಡುವ ಪದ್ಧತಿಯಂತೂ ಇದಕ್ಕಿಂತ ಕೇಡಿನದು. ಬರವಣಿಗೆ, ಲೆಕ್ಕ ಮೊದಲಾದವುಗಳ ತಂತ್ರಾಂಶಗಳ ಗೊಂಚಲಾದ ಆಫೀಸ್ 2000ದಲ್ಲಿ ಅಪರೂಪಕ್ಕೆ ಬಳಸುವ ಆದೇಶಗಳನ್ನು ತಾನಾಗಿ ಮಡಿಸಿ ಮರೆಮಾಡುವ ಮೆನುಗಳು ಬಂದುವು. ನಿನ್ನೆ ಐದನೆಯ ಸಾಲಿನಲ್ಲಿದ್ದುದು ಇಂದು ಮೂರನೆಯದರಲ್ಲಿ, ಮೊನ್ನೆ ಇದ್ದುದು ಇಂದು ಇಲ್ಲ. ಕೈಗೆ ಅಭ್ಯಾಸವಾಗಿದ್ದ ಜಾಗವನ್ನು ಕಣ್ಣು ಮತ್ತೆ ಮತ್ತೆ ಹುಡುಕಬೇಕಾಯಿತು. 2007ರ ಆವೃತ್ತಿಯಲ್ಲಿ ಆ ತಂತ್ರಾಂಶಗಳ ಮೆನುವಿನ ರೂಪವೇ ಬದಲಾಗಿ ರಿಬ್ಬನ್ ಎಂಬ ಪಟ್ಟಿ ಬಂದಿತು. ಈ ಅನುಭವದ ಪಾಠವೆಂದರೆ, ಪದವು ತನ್ನ ಸ್ಥಾನವನ್ನು ಬಿಟ್ಟು ಕದಲಬಾರದು. ಈಗ ಆಗದಿದ್ದರೂ ಇಂತಹ ಸಾಮರ್ಥ್ಯವೊಂದು ಈ ತಂತ್ರಾಂಶಕ್ಕೆ ಇದೆಯೆಂಬ ಸುಳಿವು ಕಲಿಯುವವನಿಗೆ ಸಿಕ್ಕುತ್ತಿರಬೇಕು. ಮಸುಕಿನ ದೊಡ್ಡ ಗುಣ ಇದೇ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು: ಮಸುಕಾಗಬೇಕಾದುದು ಸ್ಫುಟವಾಗಿಯೇ ಉಳಿಯುವುದು. ಕನ್ನಡದಲ್ಲಿ ಅಕ್ಷರ ಜೋಡಿಸುವವರು ಇದನ್ನು ಬಲ್ಲಷ್ಟು ಬೇರೆಯವರು ಬಲ್ಲರೋ ಇಲ್ಲವೋ. 1998ರಲ್ಲಿ ಬಂದ ‘ಬರಹ’ವೂ ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ನಮ್ಮ ಭಾಷೆಯನ್ನು ಗಣಕಕ್ಕೆ ಕರೆತಂದ ಉಪಕಾರವನ್ನು ಯಾರೂ ಮರೆಯಲಾರರು. ಆ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುವುದು ಅನಿವಾರ್ಯವಾಗಿತ್ತು. ನೋಡುವ ಕಣ್ಣಿಗೆ ಅದು ಕನ್ನಡ, ತಂತ್ರಾಂಶದ ಲೆಕ್ಕಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್. ಹೀಗೆ ಭ್ರಮೆಗೊಂಡ ತಂತ್ರಾಂಶವು ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಮಾರ್ಪಡಿಸುವ ಆದೇಶವನ್ನು ಸ್ಫುಟವಾಗಿ ತೆರೆದಿಟ್ಟುಕೊಂಡೇ ಇರುವುದು. ಅದನ್ನು ಅರಿಯದೆ ಒತ್ತಿದರೆ, ಅಚ್ಚುಕಟ್ಟಾಗಿದ್ದ ಪುಟದ ಅಕ್ಷರಗಳು ಕ್ಷಣಾರ್ಧದಲ್ಲಿ ಬೇರೆ ತುಂಡುಗಳಾಗಿ ಒಡೆದು ಕಲಸಿಹೋಗುವುವು. ವಾಕ್ಯದ ಮೊದಲಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಸೌಕರ್ಯವನ್ನು ನಿಷ್ಕ್ರಿಯಗೊಳಿಸಿಯೇ ಕೆಲಸಕ್ಕೆ ಕೂರುವುದು ಅಂದಿನ ಡಿ.ಟಿ.ಪಿ. ಕೆಲಸಗಾರರಿಗೆ ರೂಢಿಯಾಗಿತ್ತು.

ಇಂದು ಯೂನಿಕೋಡ್ ಬಂದಿದೆ. ಕನ್ನಡದ ಅಕ್ಷರ ಕನ್ನಡದ್ದೆಂದೇ ಗಣಕಕ್ಕೆ ತಿಳಿದಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲವೆಂಬುದೂ ಯೂನಿಕೋಡಿನ ಕೋಷ್ಟಕಗಳಲ್ಲಿಯೇ ದಾಖಲಾಗಿದೆ. ಹೀಗಿದ್ದರೂ, ಅಪ್ಪಟ ಕನ್ನಡದ ಒಂದು ಪ್ಯಾರಾವನ್ನು ಆಯ್ದುಕೊಂಡು ನೋಡಿದರೆ, ದೊಡ್ಡಕ್ಷರವಾಗಿಸುವ ಆದೇಶ ಸಾಮಾನ್ಯವಾಗಿ ಸ್ಫುಟವಾಗಿಯೇ ಇರುತ್ತದೆ. ಒತ್ತಿದರೆ ಏನೂ ಆಗುವುದಿಲ್ಲ. ಹಿಂದಿನಂತೆ ಹಾನಿಯಿಲ್ಲ ನಿಜ. ಆದರೆ ಒತ್ತಿದವನು ತಾನೇನು ತಪ್ಪು ಮಾಡಿದೆನೆಂದು ಕಳವಳಪಡುವುದು ತಪ್ಪಲಿಲ್ಲ. ತಂತ್ರಾಂಶವು ‘ಪಠ್ಯ ಆಯ್ಕೆಯಾಗಿದೆಯೇ?’ ಎಂದಷ್ಟೇ ಕೇಳಿ ತೃಪ್ತವಾಗುತ್ತದೆ, ‘ಆ ಪಠ್ಯದಲ್ಲಿ ಈ ಭೇದವುಳ್ಳ ಒಂದು ಅಕ್ಷರವಾದರೂ ಇದೆಯೇ?’ ಎಂದು ಕೇಳುವುದಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಸೇರಿಸುವುದು ಕ್ರಮಲೇಖಕನಿಗೆ ಒಂದೆರಡು ಸಾಲಿನ ಕೆಲಸ.

ಕಣ್ಣಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಬಿಳಿಯ ನೆಲದ ಮೇಲೆ ಬೂದುಬಣ್ಣದ ಅಕ್ಷರ ಎಳೆಯ ಕಣ್ಣಿಗೆ ಓದಲು ಸಾಧ್ಯ. ಬೆಳಕಿಗೆ ಎದುರಾಗಿ ಇಟ್ಟ ಅಗ್ಗದ ಪರದೆಯ ಮೇಲೆ, ಪೊರೆ ಬಂದ ಕಣ್ಣಿಗೆ, ಅದು ಇದ್ದೂ ಇಲ್ಲದಂತೆಯೇ. ಜಾಲಪುಟಗಳಿಗಾಗಿ 2008ರಲ್ಲಿ ಅಂಗೀಕೃತವಾದ ಸುಗಮತೆಯ ಅಂತಾರಾಷ್ಟ್ರೀಯ ಸೂತ್ರಗಳು ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರವಿರಬೇಕೆಂದು ವಿಧಿಸಿ, ನಿಷ್ಕ್ರಿಯವಾದ ಗುಂಡಿ ಮೆನುಗಳಿಗೆ ಮಾತ್ರ ಆ ವಿಧಿಯಿಂದ ವಿನಾಯಿತಿ ಕೊಟ್ಟಿವೆ. ಆಗದ ಆದೇಶವನ್ನು ಓದುವ ಅಗತ್ಯವಿಲ್ಲವೆಂಬ ಭಾವನೆ ಇದಕ್ಕೆ ಆಧಾರವಾಗಿದ್ದರೆ, ಅದನ್ನು ನಾನು ಒಪ್ಪಲಾರೆ. ಆಗದುದು ಯಾವುದೆಂದು ತಿಳಿಯುವುದೂ ತಿಳಿವಳಿಕೆಯೇ. ಈ ವಿಷಯದಲ್ಲಿ ದೃಷ್ಟಿಯಿಲ್ಲದವರಿಗಾಗಿ ರಚಿತವಾದ ತಂತ್ರಾಂಶಗಳು ಹೆಚ್ಚು ವಿವೇಕವನ್ನು ತೋರಿವೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾಗಿ ಇಂದು ಲೋಕದಾದ್ಯಂತ ಉಚಿತವಾಗಿ ದೊರೆಯುತ್ತಿರುವ ಎನ್‌ವಿಡಿಎ ಎಂಬ ಪರದೆವಾಚಕವು ಮೆನುವಿನ ಮಸುಕಾದ ಪದದ ಬಳಿಗೆ ಬಂದಾಗ ಪದವನ್ನು ಓದಿ, ಜೊತೆಗೆ ಅದು ಲಭ್ಯವಿಲ್ಲವೆಂಬುದನ್ನೂ ಬಾಯಿಬಿಟ್ಟು ಹೇಳುವುದು.

ಮಸುಕು ಎಂಬುದು ಮಾಹಿತಿಯೇ ಹೊರತು ಬೀಗವಲ್ಲವೆಂಬುದನ್ನು ಮರೆತರೆ ಆಗುವ ಅನಾಹುತ ದೊಡ್ಡದು. ವಿಂಡೋಸಿನಲ್ಲಿ ಒಂದು ತಂತ್ರಾಂಶದ ಮಸುಕಾದ ಗುಂಡಿಯನ್ನು ಹೊರಗಿನಿಂದ ಸ್ಫುಟಗೊಳಿಸಬಲ್ಲ ಪುಟ್ಟ ಉಪಕರಣಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅಧಿಕಾರವಿಲ್ಲದವನಿಗೆ ‘ಅಳಿಸು’ ಎಂಬುದನ್ನು ಮಸುಕಾಗಿ ತೋರಿಸಿ ಅಷ್ಟಕ್ಕೇ ಸುಮ್ಮನಾದ ತಂತ್ರಾಂಶದ ದಾಖಲೆಗಳು ಸುರಕ್ಷಿತವಲ್ಲ. ಮೆನು ಇಳಿದ ಕ್ಷಣಕ್ಕೂ ಒತ್ತಿದ ಕ್ಷಣಕ್ಕೂ ನಡುವೆ ಸ್ಥಿತಿಯೇ ಬದಲಾಗಿರಲೂಬಹುದು. ಆದ್ದರಿಂದ ಆದೇಶವನ್ನು ನಡೆಸುವ ಸ್ಥಳದಲ್ಲಿ, ದಾಖಲೆ ಇರುವ ಉಗ್ರಾಣದಲ್ಲಿ, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲೇಬೇಕು.

ಜಮೀನಿನ ದಾಖಲೆಗಳನ್ನು ಗಣಕಕ್ಕೆ ತಂದ ನಮ್ಮ ರಾಜ್ಯದ ‘ಭೂಮಿ’ ಯೋಜನೆ ಈ ತತ್ತ್ವದ ಗಂಭೀರವಾದ ನಿದರ್ಶನ. ಸರ್ಕಾರದ ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಗಣಕಸಂಸ್ಥೆಯಾದ ಎನ್.ಐ.ಸಿ. ನಿರ್ಮಿಸಿದ ತಂತ್ರಾಂಶದ ಮೂಲಕ, 2000–2001ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದುವು. 15 ರೂಪಾಯಿ ಕೊಟ್ಟು ಯಾರು ಬೇಕಾದರೂ ತಾಲ್ಲೂಕು ಕೇಂದ್ರದಲ್ಲಿ ಪಹಣಿಯನ್ನು ಪಡೆಯಬಹುದಾಯಿತು. ಹೊಲ ಮಾರಿದವರು, ಕೊಂಡವರು, ಪಿತ್ರಾರ್ಜಿತವನ್ನು ಹಂಚಿಕೊಂಡವರು ಖಾತೆಯ ಬದಲಾವಣೆಗೆ ಕೊಟ್ಟ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಆ ತಂತ್ರಾಂಶದೊಳಗೇ ಅಳವಡಿಸಲಾಗಿತ್ತು. ಹಿಂದಿನ ಅರ್ಜಿ ಇತ್ಯರ್ಥವಾಗದೆ ಮುಂದಿನದನ್ನು ಮುಟ್ಟಲು ಅಧಿಕಾರಿಗೆ ಅವಕಾಶವಿರಲಿಲ್ಲ. ಒಳಗೆ ಪ್ರವೇಶಿಸುವವರು ಬೆರಳಚ್ಚಿನಿಂದ ತಮ್ಮ ಗುರುತನ್ನು ಸ್ಥಾಪಿಸಬೇಕಾದುದರಿಂದ ಯಾವ ಕಾರ್ಯವನ್ನು ಯಾರು ಮಾಡಿದರೆಂಬುದು ದಾಖಲಾಗಿ ಉಳಿಯುತ್ತಿತ್ತು. ಪ್ರಭಾವಿಗಳ ಅರ್ಜಿ ಮುಂದೆ ಜಿಗಿಯುವ, ಬಡವನ ಅರ್ಜಿ ಕಟ್ಟಿನ ಅಡಿಗೆ ಸೇರುವ ಹಳೆಯ ರೋಗಕ್ಕೆ ಇದು ನೇರವಾದ ಮದ್ದು. ಯಾರಿಗೆ, ಯಾವಾಗ, ಯಾವ ಆದೇಶ ತೆರೆದಿರಬೇಕೆಂಬ ಪ್ರಶ್ನೆ, ಬರವಣಿಗೆಯ ಹಾಳೆಯಲ್ಲಿ ಅನುಕೂಲದ ಮಾತಾಗಿದ್ದುದು, ಇಲ್ಲಿ ನೆಲದ ಒಡೆತನದ ಮಾತಾಗಿ ಪರಿಣಮಿಸಿದೆ. ಹಳ್ಳಿಗಳು ಬಡಾವಣೆಗಳಾಗುತ್ತಿರುವ ಶ್ರೀರಾಂಪುರದ ಸುತ್ತಿನಂತಹ ಪ್ರದೇಶಗಳಲ್ಲಿ, ನಿವೇಶನದ ಹಿಂದಿನ ಪಹಣಿಯನ್ನು ಹುಡುಕಿ ತೆಗೆಸುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ.

ಇಂತಹ ತಂತ್ರಾಂಶಗಳನ್ನು ಬರೆಯುವವರು ತಯಾರಾಗುವ ಸ್ಥಳವೂ ಇಲ್ಲಿಗೆ ದೂರವಿಲ್ಲ: 1946ರಲ್ಲಿ ಸ್ಥಾಪಿತವಾದ ಎನ್.ಐ.ಇ. ಇಂಜಿನಿಯರಿಂಗ್ ಕಾಲೇಜು ಇದೇ ಮಾನಂದವಾಡಿ ರಸ್ತೆಯಲ್ಲಿದೆ. ಗಣಕವಿಜ್ಞಾನವನ್ನು ಕಲಿತ ತರುಣರು ಅಲ್ಲಿಂದಲೂ ನಗರದ ಇತರ ಕಾಲೇಜುಗಳಿಂದಲೂ ಪ್ರತಿವರ್ಷ ಹೊರಬರುತ್ತಿದ್ದಾರೆ. ಅವರಲ್ಲಿ ಯಾರಾದರೂ ಈ ಲೇಖನವನ್ನು ಓದಿದರೆ ಅವರಲ್ಲಿ ನನ್ನ ವಿಜ್ಞಾಪನೆ ಇದು. ಆದೇಶವೊಂದು ಸಲ್ಲುವುದೇ ಎಂಬ ಪ್ರಶ್ನೆಗೆ ನಿಮ್ಮ ಕ್ರಮಲೇಖದ ಭಾಗವೊಂದು ಈಗ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರಿಸುತ್ತಿದೆ. ಅಲ್ಲ ಎನ್ನುವಾಗಲೆಲ್ಲ ಒಂದು ವಾಕ್ಯವನ್ನೂ ಅದು ಹಿಂದಿರುಗಿಸುವಂತೆ ಮಾಡಿರಿ. ಕಾರಣ ಆ ಸ್ಥಳದಲ್ಲಿ ನಿಮಗೆ ಗೊತ್ತೇ ಇರುತ್ತದೆ, ಗೊತ್ತಿಲ್ಲದೆ ಅಲ್ಲ ಎನ್ನಲು ಸಾಧ್ಯವಿಲ್ಲ. ಆ ವಾಕ್ಯ ಪರದೆಯ ಕೆಳಗಿನ ಸ್ಥಿತಿಪಟ್ಟಿಯಲ್ಲಿ ಮೂಡಲಿ, ಮೌಸು ಮಸುಕಾದ ಪದದ ಮೇಲೆ ನಿಂತಾಗ ಪಕ್ಕದಲ್ಲಿ ಮೂಡಲಿ. ಕೆಲವು ಸಾಧನಸಮೂಹಗಳಲ್ಲಿ ನಿಷ್ಕ್ರಿಯವಾದ ವಸ್ತುವಿಗೆ ಮೌಸಿನ ಸುದ್ದಿಯೇ ಮುಟ್ಟದು, ಅಲ್ಲಿ ಅದನ್ನು ಮುಟ್ಟಿಸುವ ಉಪಾಯವನ್ನು ಹುಡುಕಿರಿ. ಇಂಗ್ಲಿಷಿನಲ್ಲಿ ಬರೆದು ಆಮೇಲೆ ತಿರುಗಿಸದೆ, ಅಂಗಡಿಯ ಹುಡುಗಿ ಹೇಳಿದ ಹಾಗೆ, ನೇರವಾಗಿ, ಮುಂದೇನು ಮಾಡಬೇಕೆಂಬುದನ್ನೂ ಸೇರಿಸಿ ಬರೆಯಿರಿ: ‘ಸೆಲ್ಲಿನೊಳಗೆ ಬರೆಯುತ್ತಿದ್ದೀರಿ, ಎಂಟರ್ ಒತ್ತಿದರೆ ಈ ಆದೇಶ ತೆರೆಯುತ್ತದೆ’, ‘ಈ ಕಡತವನ್ನು ಓದುವುದಕ್ಕೆ ಮಾತ್ರ ತೆರೆಯಲಾಗಿದೆ, ತಿದ್ದಬೇಕಾದರೆ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ’, ‘ಆಯ್ದ ಪಠ್ಯವೆಲ್ಲ ಕನ್ನಡದಲ್ಲಿದೆ, ಇದರಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಿಲ್ಲ’.